ನಾಲ್ಕು ಗೂಡಿನ ಪೆಟ್ಟಿಗೆ

ವಾಚಕ ಮಹಾಶಯರೊಬ್ಬರು ಕಾಗದ ಬರೆದು ಪ್ರಶ್ನೆಯೊಂದನ್ನು ಕೇಳಿದ್ದಾರೆ. ಅವರ ಮನೆಯಲ್ಲಿ ಇಪ್ಪತ್ತು ವರ್ಷಗಳ ಭಾವಚಿತ್ರಗಳು, ಮದುವೆ ಮುಂಜಿಗಳ ವಿಡಿಯೋಗಳು, ತೀರಿಹೋದ ಹಿರಿಯರ ಧ್ವನಿಮುದ್ರಣಗಳು, ಎಲ್ಲವೂ ಐದು ಬಿಡಿ ಹಾರ್ಡ್ ಡಿಸ್ಕುಗಳಲ್ಲಿ ಚೆದುರಿ ಬಿದ್ದಿವೆಯಂತೆ. ಯಾವುದು ಯಾವುದರಲ್ಲಿದೆಯೆಂಬುದು ಮನೆಯವರಿಗೇ ತಿಳಿಯದು. “ಇವನ್ನೆಲ್ಲ ಒಂದೆಡೆ ಸೇರಿಸಲು ನಾಲ್ಕು ಡಿಸ್ಕು ಹಿಡಿಸುವ ಪೆಟ್ಟಿಗೆಯೊಂದನ್ನು ಕೊಳ್ಳಬೇಕೆಂದಿದ್ದೇನೆ. ಒಂದು ಡಿಸ್ಕು ಕೆಟ್ಟರೂ ಏನೂ ನಷ್ಟವಾಗದೆಂದು ಅಂಗಡಿಯವರು ಹೇಳುತ್ತಾರೆ. ಕೊಂಡ ಮೇಲೆ ನಿಶ್ಚಿಂತನಾಗಿರಬಹುದೇ?” ಎಂಬುದು ಅವರ ಪ್ರಶ್ನೆ.

ಕೊಳ್ಳಬಹುದು, ಆದರೆ ನಿಶ್ಚಿಂತರಾಗಿರಲಾಗದು. ಇದು ನನ್ನ ಉತ್ತರ. ಈ ಎರಡನೆಯ ಮಾತನ್ನು ಕಲಿಯಲು ನಾನು ತೆತ್ತ ಬೆಲೆ ಸಣ್ಣದಲ್ಲ. ಅದನ್ನು ಹೇಳುವ ಮುನ್ನ ಈ ಪೆಟ್ಟಿಗೆಯ ವಿಚಾರವನ್ನು ಕೊಂಚ ತಿಳಿಯೋಣ.

ಪೆಟ್ಟಿಗೆಯೊಳಗೇನಿದೆ?

ಹಾರ್ಡ್ ಡಿಸ್ಕು ಲೋಕಕ್ಕೆ ಬಂದುದು 1956ರಲ್ಲಿ. ಐ.ಬಿ.ಎಂ. ಸಂಸ್ಥೆಯವರು ಆ ವರ್ಷ ಹೊರತಂದ ಯಂತ್ರದಲ್ಲಿ ಎರಡೆರಡು ಅಡಿ ಅಗಲದ 50 ತಟ್ಟೆಗಳು ಒಂದರ ಮೇಲೊಂದು ತಿರುಗುತ್ತಿದ್ದವು. ಅಷ್ಟು ದೊಡ್ಡ ಯಂತ್ರ ನೆನಪಿನಲ್ಲಿಡಬಲ್ಲುದಾಗಿದ್ದುದು ಸುಮಾರು 50 ಲಕ್ಷ ಅಕ್ಷರಗಳನ್ನು ಮಾತ್ರ. ಇಂದು ಮೊಬೈಲಿನಲ್ಲಿ ತೆಗೆದ ಒಂದೆರಡು ಭಾವಚಿತ್ರಗಳಿಗೇ ಅಷ್ಟು ಸ್ಥಳ ಸಾಲದು. ಈಗಿನ ಮೂರೂವರೆ ಅಂಗುಲದ ಡಿಸ್ಕಾದರೋ ಹಲವು ಟೆರಾಬೈಟುಗಳನ್ನು ಹೊತ್ತು ಅಂಗೈ ಮೇಲೆ ಕುಳಿತುಕೊಳ್ಳುತ್ತದೆ. ಗಾತ್ರ ಕುಗ್ಗಿತು, ಹೊರೆ ಹಿಗ್ಗಿತು. ಆದರೆ ತಿರುಗುವ ತಟ್ಟೆ, ಅದರ ಮೇಲೆ ಕೂದಲೆಳೆಗಿಂತಲೂ ಕಡಿಮೆ ಅಂತರದಲ್ಲಿ ತೇಲುವ ಮುಳ್ಳು, ಇವೆರಡೂ ಹಾಗೆಯೇ ಉಳಿದಿವೆ. ತಿರುಗುವ ವಸ್ತು ಎಂದಾದರೊಂದು ದಿನ ನಿಲ್ಲಲೇಬೇಕು.

ನಮ್ಮ ಪೆಟ್ಟಿಗೆಯಲ್ಲಿ ಇಂತಹ ಡಿಸ್ಕುಗಳನ್ನು ಕೂಡಿಸಲು ಎರಡೋ ನಾಲ್ಕೋ ಐದೋ ಗೂಡುಗಳಿರುತ್ತವೆ. ಹಿಂದೆ ಒಂದು ಫ್ಯಾನು, ವಿದ್ಯುತ್ತಿಗೆ ಒಂದು ಅಡಾಪ್ಟರು, ಕಂಪ್ಯೂಟರಿಗೆ ಜೋಡಿಸಲು ಒಂದು ಯು.ಎಸ್.ಬಿ. ಕೇಬಲ್ಲು. ಒಳಗಿನ ಪುಟ್ಟ ವಿದ್ಯುನ್ಮಾನ ಹಲಗೆಯೊಂದು ಡಿಸ್ಕುಗಳಿಗೂ ಕಂಪ್ಯೂಟರಿಗೂ ನಡುವೆ ದುಭಾಷಿಯ ಕೆಲಸ ಮಾಡುತ್ತದೆ. ಅನೇಕ ಪೆಟ್ಟಿಗೆಗಳನ್ನು ಡಿಸ್ಕುಗಳಿಲ್ಲದೆ ಬರಿದಾಗಿಯೇ ಮಾರುತ್ತಾರೆ. ಡಿಸ್ಕುಗಳನ್ನು ಬೇರೆಯಾಗಿ ಕೊಳ್ಳಬೇಕು.

ಕೂಡಿಸುವ ಬಗೆಗಳು

ಹಲವು ಅಗ್ಗದ ಡಿಸ್ಕುಗಳನ್ನು ಕೂಡಿಸಿ ಒಂದು ನಂಬಿಕೆಯ ಡಿಸ್ಕಿನಂತೆ ದುಡಿಸಿಕೊಳ್ಳುವ ವಿಚಾರವನ್ನು ಕ್ರಮವಾಗಿ ಮಂಡಿಸಿದವರು ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾನಿಲಯದ ಪ್ಯಾಟರ್‌ಸನ್, ಗಿಬ್ಸನ್ ಮತ್ತು ಕಾಟ್ಸ್ ಎಂಬ ಮೂವರು. 1988ರಲ್ಲಿ ಅವರು ಪ್ರಕಟಿಸಿದ ಪ್ರಬಂಧದಿಂದಲೇ ‘ರೇಡ್’ ಎಂಬ ಹೆಸರು ಬಳಕೆಗೆ ಬಂದಿತು. ಪೆಟ್ಟಿಗೆಯ ಮೇಲೆ ‘ರೇಡ್ 0’, ‘ರೇಡ್ 1’, ‘ರೇಡ್ 5’ ಎಂದು ಬರೆದಿರುವುದನ್ನು ಕಂಡು ಅನೇಕರು ಅಂಕಿ ಹೆಚ್ಚಿದಷ್ಟೂ ಗುಣ ಹೆಚ್ಚೆಂದು ಭಾವಿಸುವುದುಂಟು. ಅದು ಹಾಗಲ್ಲ, ಅವು ಕೂಡಿಸುವ ಬಗೆಗಳ ಹೆಸರುಗಳಷ್ಟೆ. ನಮ್ಮಲ್ಲಿ 4 ಟೆರಾಬೈಟಿನ ನಾಲ್ಕು ಡಿಸ್ಕುಗಳಿವೆಯೆಂದು ಇಟ್ಟುಕೊಂಡು ನೋಡೋಣ.

ಸೊನ್ನೆಯ ಬಗೆಯಲ್ಲಿ ಪ್ರತಿಯೊಂದು ಕಡತವನ್ನೂ ಸೀಳಿ ನಾಲ್ಕಕ್ಕೂ ಹಂಚಲಾಗುತ್ತದೆ. ವೇಗ ಹೆಚ್ಚು, ಪೂರ್ಣ 16 ಟೆರಾಬೈಟೂ ಸಿಗುತ್ತದೆ. ಆದರೆ ನಾಲ್ಕರಲ್ಲಿ ಒಂದು ಕೆಟ್ಟರೆ ನಾಲ್ಕೂ ಕೆಟ್ಟಂತೆ. ಮನೆಯ ನೆನಪುಗಳನ್ನಿಡಲು ಇದು ಸರ್ವಥಾ ಕೂಡದು.

ಒಂದರ ಬಗೆ ಕನ್ನಡಿಯಂತೆ: ಒಂದು ಡಿಸ್ಕಿನಲ್ಲಿ ಬರೆದುದೆಲ್ಲ ಜೊತೆಯ ಡಿಸ್ಕಿನಲ್ಲಿಯೂ ಮೂಡುತ್ತದೆ. ನಾಲ್ಕನ್ನು ಇಂತಹ ಎರಡು ಜೋಡಿಗಳನ್ನಾಗಿ ಮಾಡಿದರೆ ಸಿಗುವುದು 8 ಟೆರಾಬೈಟು.

ಐದರ ಬಗೆಯು ಜಾಣತನದ್ದು. ಮೂರು ಡಿಸ್ಕುಗಳಲ್ಲಿ 7, 5, 3 ಎಂಬ ಅಂಕಿಗಳಿವೆಯೆನ್ನಿ. ನಾಲ್ಕನೆಯದರಲ್ಲಿ ಅವುಗಳ ಮೊತ್ತವಾದ 15ನ್ನು ಬರೆದಿಡುವುದು. 5 ಇದ್ದ ಡಿಸ್ಕು ಹಾಳಾದರೆ 15ರಿಂದ 7ನ್ನೂ 3ನ್ನೂ ಕಳೆದರೆ ಸಾಕು, ಕಳೆದುಹೋದ 5 ಮರಳಿ ಬಂದಿತು! ನಿಜವಾದ ಯಂತ್ರ ಕೂಡಿಕೆಯ ಬದಲು ಬೇರೊಂದು ಗಣಿತವನ್ನು ಬಳಸುತ್ತದೆ. ಮೊತ್ತವನ್ನೂ ಒಂದೇ ಡಿಸ್ಕಿನಲ್ಲಿಡದೆ ನಾಲ್ಕಕ್ಕೂ ಸರದಿಯಂತೆ ಹಂಚುತ್ತದೆ. ತತ್ತ್ವ ಮಾತ್ರ ಇದೇ. ಇಲ್ಲಿ 12 ಟೆರಾಬೈಟು ಕೈಗೆ ಸಿಗುತ್ತದೆ. ಒಂದು ಡಿಸ್ಕಿನ ಮರಣವನ್ನು ತಾಳಿಕೊಳ್ಳಬಹುದು, ಎರಡರದನ್ನಲ್ಲ.

ಇವು ಯಾವುವೂ ಬೇಡವೆಂದರೆ ನಾಲ್ಕು ಡಿಸ್ಕುಗಳನ್ನೂ ಬಿಡಿಬಿಡಿಯಾಗಿಯೇ ಕಾಣುವಂತೆ ಇಟ್ಟುಕೊಳ್ಳಬಹುದು. ಈ ಸಾಧಾರಣ ಬಗೆಯನ್ನು ಅಂಗಡಿಯವರು ಹೊಗಳುವುದಿಲ್ಲ. ಆದರೆ ಅನೇಕ ಮನೆಗಳಿಗೆ ಇದೇ ಹಿತವೆಂಬುದು ನನ್ನ ಅನುಭವ.

ನನ್ನ ಕೈಯಿಂದಲೇ ಆದುದು

ನನ್ನ ತಾಯಿ ಬಲ್ಲ ಹಾಡುಗಳು ಬಹಳ. ಬೀಸುವಾಗಿನ ಪದಗಳು, ಹಸೆಗೆ ಕರೆಯುವ ಹಾಡು, ತೊಟ್ಟಿಲ ಹಾಡು. ಒಂದಕ್ಕೂ ಅವರು ಪುಸ್ತಕ ನೋಡಿದವರಲ್ಲ. ಅವುಗಳಲ್ಲಿ ಮೂವತ್ತೊಂದನ್ನು ಹಿಂದೆ ಕ್ಯಾಸೆಟ್ಟಿನಲ್ಲಿ ಹಿಡಿದಿಟ್ಟಿದ್ದೆ. ಅವರು ತೀರಿಕೊಂಡ ಮೇಲೆ ಆ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸಿ, ಎರಡು ಗೂಡಿನ ಪೆಟ್ಟಿಗೆಯೊಂದನ್ನು ತಂದು, ಕನ್ನಡಿಯ ಬಗೆಯಲ್ಲಿ ಜೋಡಿಸಿ, ಇನ್ನು ಭಯವಿಲ್ಲವೆಂದು ನೆಮ್ಮದಿಯಾಗಿದ್ದೆ. ಮುಂದಿನೆರಡು ಮಳೆಗಾಲಗಳಲ್ಲಿ ಕ್ಯಾಸೆಟ್ಟುಗಳಿಗೆ ಬೂಷ್ಟು ಹಿಡಿಯಿತು. ನಾನು ಅದನ್ನು ಲೆಕ್ಕಿಸಲಿಲ್ಲ.

ಒಂದು ಭಾನುವಾರ ಪೆಟ್ಟಿಗೆಯನ್ನು ಅಚ್ಚುಕಟ್ಟು ಮಾಡಲು ಕುಳಿತೆ. ‘ಅಮ್ಮ’ ಎಂದೊಂದು ಫೋಲ್ಡರು, ‘ಅಮ್ಮ ಹೊಸದು’ ಎಂದು ಇನ್ನೊಂದು. ಹೊಸದರಲ್ಲಿ ಎಲ್ಲವೂ ಇದೆಯೆಂದು ನಂಬಿ ಹಳೆಯದನ್ನು ಶಾಶ್ವತವಾಗಿ ಅಳಿಸಿದೆ; ತೆರವಾದ ಜಾಗವನ್ನು ಸೋದರಳಿಯನ ಮದುವೆಯ ವಿಡಿಯೋಗಳಿಂದ ತುಂಬಿದೆ. ಹೊಸದರಲ್ಲಿ ಇದ್ದುದು ನಾಲ್ಕೇ ಹಾಡುಗಳೆಂಬುದು ತಿಳಿದುದು ತಿಂಗಳಾದ ಮೇಲೆ, ತಾಯಿಯ ತಿಥಿಯ ದಿನ.

ಪೆಟ್ಟಿಗೆಯ ಮುಂದಿನ ಹಸಿರು ದೀಪಗಳೆರಡೂ ಉರಿಯುತ್ತಲೇ ಇದ್ದವು. ಯಾವ ಡಿಸ್ಕೂ ಕೆಟ್ಟಿರಲಿಲ್ಲ. ಅಳಿಸೆಂದು ನಾನು ಹೇಳಿದೆ. ಎರಡೂ ಒಂದೇ ಕ್ಷಣದಲ್ಲಿ ಅಳಿಸಿದವು. ಕನ್ನಡಿಯ ಗುಣವೇ ಅದಲ್ಲವೇ? ಎದುರಿಗಿರುವವನು ನಕ್ಕರೆ ನಗುತ್ತದೆ; ಎದುರಿಗಿರುವವನು ಹೊರಟುಹೋದರೆ ಅದರಲ್ಲಿ ಏನೂ ಉಳಿಯುವುದಿಲ್ಲ.

ಸಾಗರದಲ್ಲಿರುವ ನಮ್ಮಕ್ಕನಿಗೆ ಹಿಂದೆಂದೋ ಪೆನ್ ಡ್ರೈವಿನಲ್ಲಿ ಕೆಲವು ಹಾಡುಗಳನ್ನು ಕೊಟ್ಟಿದ್ದ ನೆನಪಾಯಿತು. ಅವರು ಅದನ್ನು ದೇವರ ಮನೆಯ ಕಪಾಟಿನಲ್ಲಿ, ಕುಂಕುಮದ ಭರಣಿಯ ಪಕ್ಕದಲ್ಲಿಟ್ಟಿದ್ದರು. ಅದರಲ್ಲಿ ಇಪ್ಪತ್ತೆರಡು ಸಿಕ್ಕವು. ನನ್ನಲ್ಲುಳಿದಿದ್ದ ನಾಲ್ಕೂ ಅವುಗಳಲ್ಲಿಯೇ ಸೇರಿದ್ದವು. ಒಂಬತ್ತು ಹೋದವು. ತೊಟ್ಟಿಲ ಹಾಡು ಆ ಒಂಬತ್ತರಲ್ಲೊಂದು. ಬೆಲೆಬಾಳುವ ಪೆಟ್ಟಿಗೆ ಉಳಿಸದಿದ್ದುದನ್ನು ಬೇರೊಂದೂರಿನಲ್ಲಿದ್ದ ಪುಟ್ಟ ಪೆನ್ ಡ್ರೈವು ಉಳಿಸಿತೆಂಬುದನ್ನು ನಾನು ಮರೆಯುವಂತಿಲ್ಲ.

ಆದುದರಿಂದ ವಾಚಕರು ಮನಸ್ಸಿನಲ್ಲಿಡಬೇಕಾದ ಮಾತು ಇಷ್ಟೆ: ರೇಡ್ ಎಂಬುದು ಡಿಸ್ಕಿನ ಸಾವಿಗೆ ಪರಿಹಾರವೇ ಹೊರತು, ಒಡೆಯನ ತಪ್ಪಿಗಾಗಲಿ, ಕಳ್ಳತನಕ್ಕಾಗಲಿ, ಸಿಡಿಲಿಗಾಗಲಿ, ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ವೈರಸ್ಸಿಗಾಗಲಿ ಪರಿಹಾರವಲ್ಲ.

ಕೊಳ್ಳುವಾಗ

ಮೊದಲು ಪೆಟ್ಟಿಗೆ ಎಷ್ಟು ದೊಡ್ಡ ಡಿಸ್ಕನ್ನು ಒಪ್ಪುತ್ತದೆಯೆಂದು ಕೇಳಿರಿ. ಹಳೆಯ ಮಾದರಿಗಳಲ್ಲಿ ಕೆಲವು 2 ಟೆರಾಬೈಟಿಗೆ ಮೀರಿದ್ದನ್ನು ಗುರುತಿಸಲಾರವು. 4 ಟೆರಾಬೈಟಿನ ಡಿಸ್ಕು ಕಂಪ್ಯೂಟರಿನಲ್ಲಿ 3.6ರಷ್ಟು ಮಾತ್ರ ಕಂಡರೆ ಅಂಗಡಿಯವರೊಡನೆ ಜಗಳ ಬೇಡ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ.

ಎರಡನೆಯದಾಗಿ ಫ್ಯಾನು. ನಾಲ್ಕು ಡಿಸ್ಕುಗಳು ಒತ್ತೊತ್ತಾಗಿ ತಿರುಗುವಾಗ ಶಾಖ ಸಹಜ. ಫ್ಯಾನನ್ನು ಬಿಚ್ಚಿ ಬದಲಾಯಿಸಲು ಬರುವಂತಿದ್ದರೆ ಲೇಸು. ವೇಗದ ವಿಚಾರದಲ್ಲಿ ಮೋಹ ಬೇಡ: ತಿರುಗುವ ಡಿಸ್ಕೊಂದು ಸೆಕೆಂಡಿಗೆ ಸುಮಾರು 150ರಿಂದ 250 ಮೆಗಾಬೈಟು ಕೊಟ್ಟೀತು. ಬಿಡಿಬಿಡಿಯಾಗಿ ಬಳಸುವವರಿಗೆ 5 ಗಿಗಾಬಿಟ್ಟಿನ ಯು.ಎಸ್.ಬಿ. ಧಾರಾಳವಾಗಿ ಸಾಕು, ಎಲ್ಲವನ್ನೂ ಒಟ್ಟಿಗೆ ದುಡಿಸುವವರಿಗೆ ಮಾತ್ರ 10ರದು ಬೇಕಾದೀತು.

ಮೂರನೆಯದು ಅತಿ ಮುಖ್ಯ. ರೇಡನ್ನು ಪೆಟ್ಟಿಗೆಯೇ ಮಾಡುವುದಾದರೆ, ಡಿಸ್ಕುಗಳ ಮೇಲಿನ ಬರಹ ಆ ಪೆಟ್ಟಿಗೆಗೆ ಮಾತ್ರ ಅರ್ಥವಾಗುವ ಲಿಪಿಯಲ್ಲಿರುವುದುಂಟು. ನನ್ನ ಮಿತ್ರರೊಬ್ಬರ ಪೆಟ್ಟಿಗೆ ಸುಟ್ಟಿತು; ಡಿಸ್ಕುಗಳು ನಾಲ್ಕೂ ಕ್ಷೇಮವಾಗಿದ್ದವು. ಆದರೆ ಅದೇ ಮಾದರಿಯ ಪೆಟ್ಟಿಗೆ ಆ ವೇಳೆಗೆ ಮಾರಾಟದಲ್ಲಿರಲಿಲ್ಲ. ಬೀಗ ಗಟ್ಟಿಯಾಗಿದ್ದು ಬೀಗದ ಕೈ ಕಳೆದುಹೋದಂತಾಯಿತು ಅವರ ಪಾಡು. ಬಿಡಿ ಡಿಸ್ಕುಗಳ ಬಗೆಯಲ್ಲಿ ಈ ಭಯ ಬಹುಮಟ್ಟಿಗಿಲ್ಲ. ಡಿಸ್ಕನ್ನು ತೆಗೆದು ಬೇರೊಂದು ಪೆಟ್ಟಿಗೆಗೆ ಹಾಕಿ ಓದಿಕೊಳ್ಳಬಹುದು.

ಇನ್ನು ಡಿಸ್ಕುಗಳು. ಕೆಲವು ಡಿಸ್ಕುಗಳಲ್ಲಿ ಬರಹದ ಸಾಲುಗಳು ಮಂಗಳೂರು ಹೆಂಚಿನಂತೆ ಒಂದರ ಮೇಲೊಂದು ಕೊಂಚ ಹೊದ್ದುಕೊಂಡಿರುತ್ತವೆ. ಎಸ್.ಎಂ.ಆರ್. ಎಂದು ಇವುಗಳ ಹೆಸರು. ನಡುವಿನ ಹೆಂಚೊಂದನ್ನು ಬದಲಿಸಲು ಅಕ್ಕಪಕ್ಕದವನ್ನೂ ಸರಿಸಬೇಕಲ್ಲವೇ? ಹಾಗೆಯೇ ಇವುಗಳಲ್ಲಿ ತಿದ್ದಿ ಬರೆಯುವುದು ನಿಧಾನ. ಒಮ್ಮೆ ತುಂಬಿ ಎತ್ತಿಡಲು ಇವು ಅಡ್ಡಿಯಿಲ್ಲ, ರೇಡಿಗೆ ಸಿ.ಎಂ.ಆರ್. ಎಂಬ ಬಗೆಯನ್ನೇ ಕೇಳಿ ಕೊಳ್ಳಿರಿ.

ಬಳಸುವಾಗ

ಪ್ರತಿಯೊಂದು ಡಿಸ್ಕಿಗೂ ಗೂಡಿನ ಸಂಖ್ಯೆ, ಕೊಂಡ ತಿಂಗಳು, ವರ್ಷಗಳನ್ನು ಬರೆದ ಚೀಟಿ ಅಂಟಿಸಿರಿ. ಒಂದು ಕೆಟ್ಟ ದಿನ ಗಾಬರಿಯಲ್ಲಿ ಒಳ್ಳೆಯ ಡಿಸ್ಕನ್ನು ಕಿತ್ತು ಎಲ್ಲವನ್ನೂ ಕಳೆದುಕೊಂಡವರಿದ್ದಾರೆ. ಕೆಟ್ಟುದರ ಬದಲು ಹೊಸದನ್ನು ಹಾಕಿದಾಗ ಅದು ತುಂಬಿಕೊಳ್ಳಲು ಹೊತ್ತು ಹಿಡಿಯುತ್ತದೆ. ಸೆಕೆಂಡಿಗೆ 150 ಮೆಗಾಬೈಟಿನಂತೆ ನಡೆದರೂ 4 ಟೆರಾಬೈಟಿಗೆ ಏಳು ಗಂಟೆಗೂ ಮಿಗಿಲು. ಅಷ್ಟು ಹೊತ್ತು ಮಿಕ್ಕ ಮುದಿ ಡಿಸ್ಕುಗಳು ಬಿಡುವಿಲ್ಲದೆ ದುಡಿಯಬೇಕು. ಇನ್ನೊಂದು ಸೋಲುವುದೂ ಅಂತಹ ಹೊತ್ತಿನಲ್ಲಿಯೇ.

ಕರೆಂಟು ಹೋಗುವ ಊರಿನವರು ಪೆಟ್ಟಿಗೆಯನ್ನೂ ಕಂಪ್ಯೂಟರನ್ನೂ ಒಂದು ಯು.ಪಿ.ಎಸ್.ಗೆ ಸೇರಿಸುವುದು ಅವಶ್ಯ. ಕಂಪ್ಯೂಟರಿಗೆ ಹೇಳದೆ ಕೇಬಲ್ಲನ್ನು ಕೀಳಬಾರದು. ಡಿಸ್ಕು ತಿರುಗುತ್ತಿರುವಾಗ ಪೆಟ್ಟಿಗೆಯನ್ನು ಅಲುಗಿಸಬಾರದು.

ಕಡೆಯದಾಗಿ, ಬಲ್ಲವರು ಹೇಳುವ 3-2-1 ಎಂಬ ಸೂತ್ರ. ಬೇಕಾದುದಕ್ಕೆ ಮೂರು ಪ್ರತಿಗಳಿರಲಿ. ಅವು ಎರಡು ಬಗೆಯ ಸಾಧನಗಳಲ್ಲಿರಲಿ. ಒಂದು ಪ್ರತಿ ಮನೆಯ ಹೊರಗಿರಲಿ. ಪ್ರಶ್ನೆ ಕೇಳಿದ ಮಹಾಶಯರು ನಾಲ್ಕು ಗೂಡಿನ ಪೆಟ್ಟಿಗೆಯನ್ನು ಸಂತೋಷದಿಂದ ಕೊಳ್ಳಲಿ. ಬಿಡಿಬಿಡಿಯಾಗಿ ಜೋಡಿಸಿ, ಎರಡು ಗೂಡುಗಳಲ್ಲಿ ಮೂಲವನ್ನಿಟ್ಟು, ಮಿಕ್ಕೆರಡಕ್ಕೆ ವಾರಕ್ಕೊಮ್ಮೆ ನಕಲು ಮಾಡಲಿ. ನಕಲು ಮಾಡುವ ಮುನ್ನ ಏನು ಅಳಿದಿದೆ, ಏನು ಬದಲಾಗಿದೆ ಎಂದು ನೋಡಿಕೊಳ್ಳಲಿ. ಕನ್ನಡಿ ಕೊಡದ ಆ ಒಂದು ವಾರದ ಅವಧಿಯೇ ತಪ್ಪನ್ನು ತಿದ್ದಿಕೊಳ್ಳಲು ನಮಗಿರುವ ಅವಕಾಶ. ಅವರಲ್ಲಿ ಈಗಾಗಲೇ ಇರುವ ಐದು ಹಳೆಯ ಡಿಸ್ಕುಗಳನ್ನು ಎಸೆಯದೆ, ಚೆನ್ನಾಗಿರುವುವನ್ನು ಆರಿಸಿ, ಮುಖ್ಯವಾದುದನ್ನೆಲ್ಲ ತುಂಬಿ, ಬೇರೂರಿನ ತಂಗಿಯ ಮನೆಗೋ ಮಗಳ ಮನೆಗೋ ಕಳುಹಿಸಲಿ. ಹಬ್ಬಕ್ಕೆ ಹೋದಾಗ ಹೊಸದನ್ನು ಕೊಟ್ಟು ಹಳೆಯದನ್ನು ತಂದು, ತೆರೆದು, ಒಂದೆರಡು ಕಡತಗಳನ್ನು ನೋಡಿಕೊಳ್ಳಲಿ. ತೆರೆದು ನೋಡದ ನಕಲನ್ನು ನಕಲೆಂದು ನಂಬಲಾಗದು.

ನಾನೀಗ ವರ್ಷಕ್ಕೆರಡು ಬಾರಿ ಸಾಗರಕ್ಕೆ ಡಿಸ್ಕನ್ನು ಒಯ್ಯುತ್ತೇನೆ. ಅಕ್ಕ ಅದನ್ನು ಆ ಕಪಾಟಿನಲ್ಲಿಯೇ ಇಡುತ್ತಾರೆ. ಹೋದ ಸಲ ಅವರು ತಾವಾಗಿಯೇ ತೊಟ್ಟಿಲ ಹಾಡನ್ನು ಹಾಡಿ ಕೊಟ್ಟರು. ಎರಡು ಸಾಲು ಮರೆತಿದ್ದರು. ಮರೆತಷ್ಟನ್ನು ಬಿಟ್ಟು ಉಳಿದುದನ್ನು ಹಿಡಿದಿಟ್ಟಿದ್ದೇನೆ, ಮೂರು ಕಡೆಗಳಲ್ಲಿ.