ಶಾಲೆಯ ಖರ್ಚು ಹೊತ್ತವರು ಯಾರು?

ಶಾಲೆಯೊಂದರ ಚರಿತ್ರೆಯನ್ನು ಅರಿಯಬೇಕಾದರೆ ಪಾಠಪಟ್ಟಿಗಿಂತ ಮೊದಲು ಅದರ ಜಮಾಖರ್ಚಿನ ಪುಸ್ತಕವನ್ನು ತೆರೆಯಬೇಕೆಂದು ನಾನು ತರಗತಿಯಲ್ಲಿ ಹೇಳುತ್ತಿದ್ದುದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ಅಮೆರಿಕದಲ್ಲಿ ನೆಲೆಸಿರುವ ಶಿಷ್ಯನೊಬ್ಬ ಈಚೆಗೆ ಕೇಳಿದ: "ಮೇಷ್ಟ್ರೇ, ಇಲ್ಲಿಯ ಪಶ್ಚಿಮದ ಗಡಿನಾಡಿನಲ್ಲಿ ಮೂಲನಿವಾಸಿ ಮಕ್ಕಳಿಗಾಗಿ ಕ್ಯಾಥೊಲಿಕ್ ಮಿಷನ್‌ಗಳು ನಡೆಸಿದ ಶಾಲೆಗಳನ್ನು ಧರ್ಮಕಾರ್ಯವೆನ್ನಬೇಕೇ, ದೌರ್ಜನ್ಯವೆನ್ನಬೇಕೇ?" ಉತ್ತರವನ್ನು ಲೆಕ್ಕದ ಪುಸ್ತಕದಲ್ಲಿಯೇ ಹುಡುಕೋಣ.

ಮೊದಲ ಬಾಬ್ತು ಸರ್ಕಾರದ್ದು. 1874ರಲ್ಲಿ ವಾಷಿಂಗ್ಟನ್ನಿನಲ್ಲಿ ಕ್ಯಾಥೊಲಿಕ್ ಇಂಡಿಯನ್ ಮಿಷನ್‌ಗಳ ಬ್ಯೂರೋ ಸ್ಥಾಪನೆಯಾಯಿತು. ಅದು ಸರ್ಕಾರದೊಡನೆ ಕರಾರು ಮಾಡಿಕೊಳ್ಳುತ್ತಿತ್ತು. ಕಟ್ಟಡ, ಶಿಕ್ಷಕರು ಮಿಷನ್ನಿನವರು. ಮಗುವಿಗೆ ವರ್ಷಕ್ಕೆ ಇಷ್ಟೆಂದು ಹಣ ಸರ್ಕಾರದ್ದು. 108 ಡಾಲರ್ ಎಂಬುದು ರೂಢಿಯ ದರ. ಊಟ, ಬಟ್ಟೆ, ಸೌದೆ, ಪುಸ್ತಕ ಎಲ್ಲವೂ ಅಷ್ಟರಲ್ಲೇ ನಡೆಯಬೇಕು. ಚರ್ಚಿನ ಶಾಲೆಗೆ ಸಾರ್ವಜನಿಕ ಹಣವೇಕೆಂಬ ವಿರೋಧ ಬೆಳೆಯಿತು. 1890ರ ದಶಕದಲ್ಲಿ ಕಾಂಗ್ರೆಸ್ ಅನುದಾನವನ್ನು ಕಡಿತಗೊಳಿಸುತ್ತ ಹೋಗಿ, 1900ರ ವೇಳೆಗೆ ನಿಲ್ಲಿಸಿತು.

ಎರಡನೆಯ ಬಾಬ್ತು ದಾನಿಗಳದು. ಇಲ್ಲಿ ಮೊದಲು ನೆನೆಯಬೇಕಾದವರು ಕ್ಯಾಥರಿನ್ ಡ್ರೆಕ್ಸೆಲ್. 1858ರಲ್ಲಿ ಫಿಲಡೆಲ್ಫಿಯಾದ ಬ್ಯಾಂಕರನೊಬ್ಬನ ಮಗಳಾಗಿ ಹುಟ್ಟಿದ ಈಕೆ, 1885ರಲ್ಲಿ ತಂದೆ ತೀರಿಕೊಂಡಾಗ ಅಪಾರ ಆಸ್ತಿಯ ವರಮಾನಕ್ಕೆ ಹಕ್ಕುದಾರಳಾದರು. ಡಕೋಟಾದ ರೋಸ್‌ಬಡ್‌ನಲ್ಲಿ ಸೇಂಟ್ ಫ್ರಾನ್ಸಿಸ್ ಶಾಲೆಗೂ ಪೈನ್ ರಿಡ್ಜ್‌ನಲ್ಲಿ ಹೋಲಿ ರೋಸರಿ ಶಾಲೆಗೂ ಅವರ ಹಣ ಆಧಾರವಾಯಿತು. 1891ರಲ್ಲಿ ತಾವೇ ಸನ್ಯಾಸಿನಿಯರ ಸಂಘವೊಂದನ್ನು ಕಟ್ಟಿದರು. 1955ರಲ್ಲಿ ತೀರಿಕೊಳ್ಳುವವರೆಗೆ ಸುಮಾರು ಎರಡು ಕೋಟಿ ಡಾಲರ್ ವ್ಯಯಿಸಿದರು. 2000ದಲ್ಲಿ ಸಂತಪದವಿ ಪಡೆದರು. ಸಂಬಳವಿಲ್ಲದೆ ದುಡಿದ ಸೋದರಿಯರ ಶ್ರಮವನ್ನೂ ಇದೇ ಬಾಬ್ತಿಗೆ ಸೇರಿಸಬೇಕು. ಇವರ ತ್ಯಾಗದ ಬಗ್ಗೆ ನನಗೆ ಗೌರವವಿದೆ.

ಆದರೆ ಇನ್ನೆರಡು ಬಾಬ್ತುಗಳಿವೆ. ಒಂದು, ಮಕ್ಕಳ ದುಡಿಮೆ. ಗಂಡುಮಕ್ಕಳು ಹೊಲದಲ್ಲಿ, ಕೊಟ್ಟಿಗೆಯಲ್ಲಿ. ಹೆಣ್ಣುಮಕ್ಕಳು ಅಡುಗೆಮನೆಯಲ್ಲಿ, ಬಟ್ಟೆ ಒಗೆಯುವಲ್ಲಿ. ಕಸುಬಿನ ಶಿಕ್ಷಣವೆಂಬ ಹೆಸರಿನ ಈ ದುಡಿಮೆಯಿಲ್ಲದೆ ಶಾಲೆಗಳು ನಡೆಯುವಂತಿರಲಿಲ್ಲ.

ಇನ್ನೊಂದು, ಬುಡಕಟ್ಟಿನ ಸ್ವಂತ ಹಣ. ಅನುದಾನ ನಿಂತ ಮೇಲೆ ಸರ್ಕಾರವು ಬುಡಕಟ್ಟುಗಳ ಒಪ್ಪಂದದ ಹಣದಿಂದ ಮಿಷನ್ ಶಾಲೆಗಳಿಗೆ ಕೊಡತೊಡಗಿತು. ಸೇಂಟ್ ಫ್ರಾನ್ಸಿಸ್ ಶಾಲೆಯ ಒಂದು ಕರಾರು 250 ಮಕ್ಕಳಿಗೆ 27,000 ಡಾಲರಿನದು. ರೋಸ್‌ಬಡ್‌ನ ರೂಬೆನ್ ಕ್ವಿಕ್ ಬೇರ್ ಮೊದಲಾದವರು ಇದನ್ನು ಪ್ರಶ್ನಿಸಿದರು. 1908ರಲ್ಲಿ ಸುಪ್ರೀಂ ಕೋರ್ಟು, ಅದು ಸಾರ್ವಜನಿಕ ಹಣವಲ್ಲ, ಮೂಲನಿವಾಸಿಗಳದೇ ಹಣ, ಆದ್ದರಿಂದ ಚರ್ಚಿನ ಶಾಲೆಗೆ ಬಳಸಬಹುದು ಎಂದು ತೀರ್ಪಿತ್ತಿತು. ನೆಲ ಬಿಟ್ಟುಕೊಟ್ಟದ್ದಕ್ಕೆ ಪ್ರತಿಯಾಗಿ ಅವರಿಗೆ ಸಲ್ಲಬೇಕಾಗಿದ್ದ ಹಣವದು. ಅತ್ತೆಯ ಒಡವೆಯನ್ನು ಅಳಿಯ ದಾನ ಮಾಡಿದ ಎಂಬ ಗಾದೆ ನನಗೆ ನೆನಪಾಗುತ್ತದೆ.

ಆ ಜನ ಅಕ್ಷರ ಬೇಡವೆಂದವರಲ್ಲ. ಲಕೋಟಾ ನಾಯಕ ರೆಡ್ ಕ್ಲೌಡ್ ತನ್ನ ಜನರಿಗೆ ಕಲಿಸಲು ಜೆಸುಯಿಟ್ ಪಾದ್ರಿಗಳನ್ನೇ ಕಳುಹಿಸಬೇಕೆಂದು ಸರ್ಕಾರವನ್ನು ಕೇಳಿದ್ದ. ಆದರೆ ನೆಲ, ಹಣ, ಮಕ್ಕಳ ಬೆವರು ಎಲ್ಲವನ್ನೂ ಕೊಟ್ಟವರಿಗೆ ಶಾಲೆಯ ಆಡಳಿತದಲ್ಲಿ ಮಾತಿರಲಿಲ್ಲ. ತಲೆಯೆಣಿಕೆಯ ಹಣವನ್ನು ನಂಬಿದ ಶಾಲೆಗೆ ವಸತಿಗೃಹ ತುಂಬಿರಬೇಕಿತ್ತು. ಮಗು ಮನೆಯಿಂದಲೂ ಮನೆಮಾತಿನಿಂದಲೂ ದೂರವಾಯಿತು. ಚರ್ಚುಗಳು ನಡೆಸಿದವೂ ಸೇರಿದಂತೆ ಫೆಡರಲ್ ವಸತಿಶಾಲೆಗಳಲ್ಲಿ ಕನಿಷ್ಠ 973 ಮಕ್ಕಳು ಸತ್ತರೆಂದು 2024ರ ಸರ್ಕಾರಿ ವರದಿ ಹೇಳುತ್ತದೆ. ಅದೇ ವರ್ಷ ಕ್ಯಾಥೊಲಿಕ್ ಬಿಷಪ್ಪರೂ ಅಧ್ಯಕ್ಷ ಬೈಡನ್ನರೂ ಕ್ಷಮೆ ಕೋರಿದರು.

ಹೀಗಾಗಿ ಶಿಷ್ಯನಿಗೆ ನನ್ನ ಉತ್ತರವಿದು: ದಾನಿಗಳ ಸದುದ್ದೇಶ ನಿಜ, ಆದರೆ ಅದನ್ನು ಕೇವಲ ದಾನವೆಂದು ಬರೆದದ್ದು ತಪ್ಪು ಲೆಕ್ಕ. ಹೆಚ್ಚಿನದನ್ನು ತೆತ್ತವರು ಮಕ್ಕಳೂ ಅವರ ಹೆತ್ತವರೂ. ಹೋಲಿ ರೋಸರಿ 1969ರಲ್ಲಿ ರೆಡ್ ಕ್ಲೌಡನ ಹೆಸರು ಪಡೆಯಿತು. ಇಂದು ಅಲ್ಲಿ ಲಕೋಟಾ ನುಡಿಯನ್ನು ಕಲಿಸುತ್ತಾರೆ. ನೂರು ವರ್ಷ ಮೊದಲೇ ಹೆತ್ತವರನ್ನು ಕೇಳಿದ್ದರೆ ಆಗಲೇ ಕಲಿಸಬಹುದಾಗಿತ್ತು. ನಿಮ್ಮಲ್ಲಿ ಹಲವರು ಊರಿನ ಶಾಲೆಗಳಿಗೆ ದೇಣಿಗೆ ಕಳುಹಿಸುತ್ತೀರಿ. ಕಳುಹಿಸಿ, ಆದರೆ ಕಳುಹಿಸುವ ಮುನ್ನ ಅಲ್ಲಿ ಓದುವ ಮಕ್ಕಳ ತಂದೆತಾಯಿಯರಿಗೆ ಏನು ಬೇಕಾಗಿದೆಯೆಂದು ಒಮ್ಮೆ ಕೇಳಿರಿ.