ದುಡಿಯುವ ಊರನ್ನೂ ನಡೆದು ನೋಡೋಣ

ನಮ್ಮ ಬ್ಯಾರಿಗಳಿಗೆ ಎರಡು ಊರು. ಒಂದು ಹುಟ್ಟಿದ ಊರು, ಇನ್ನೊಂದು ದುಡಿಯುವ ಊರು. ಹುಟ್ಟಿದ ಊರಿನ ಒಂದೊಂದು ತಿರುವೂ ನಮಗೆ ಬಾಯಿಪಾಠ. ದುಡಿಯುವ ಊರು ಮಾತ್ರ ಹತ್ತು ವರ್ಷ ಕಳೆದರೂ ರೂಮು, ಕಂಪನಿ, ಮಸೀದಿ, ಹೋಟೆಲು ಇಷ್ಟರಲ್ಲೇ ಮುಗಿಯುತ್ತದೆ. ಜುಬೈಲಿನಲ್ಲಿ ಹದಿನೈದು ವರ್ಷ ಇದ್ದು ಬಂದ ನಮ್ಮ ಸಂಬಂಧಿಕರೊಬ್ಬರ ಹತ್ತಿರ ಆ ಊರು ಹೇಗಿದೆ ಎಂದು ಕೇಳಿದರೆ "ಬಿಸಿಲು ಮಾರಾಯ" ಎನ್ನುತ್ತಾರೆ. ಅಲ್ಲಿಗೆ ಮಾತು ಮುಗಿಯಿತು.

ಈ ಅಭ್ಯಾಸ ಬದಲಾಗಬೇಕು ಎಂದು ನನ್ನ ಅಭಿಪ್ರಾಯ. ರಜೆಯ ದಿನ ಸುತ್ತಾಡುವುದನ್ನು ನಮ್ಮವರು ದುಂದುವೆಚ್ಚದ ಲೆಕ್ಕಕ್ಕೆ ಬರೆಯುತ್ತಾರೆ. ನಾನು ಅದನ್ನು ಅನ್ನ ಕೊಡುವ ಊರಿಗೆ ನಾವು ತೀರಿಸಬೇಕಾದ ಬಾಕಿಯ ಲೆಕ್ಕಕ್ಕೆ ಬರೆಯುತ್ತೇನೆ.

ನಾನು ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಈಗ ಆಂಧ್ರದ ಹಿಂದೂಪುರದಲ್ಲಿ ಕೆಲಸದಲ್ಲಿದ್ದೇನೆ. ಹೆಂಡತಿ ಮತ್ತು ಮಗಳು ಜೊತೆಗಿದ್ದಾರೆ. ಬಾಪನಿಗೆ ಬೆಳ್ತಂಗಡಿ ಕಡೆ ದಿನಸಿ ಅಂಗಡಿ. ಅಲ್ಲಿಂದ ಗಡಾಯಿಕಲ್ಲು ಹತ್ತಿರವೇ. 1794ರಲ್ಲಿ ಟಿಪ್ಪು ಕಟ್ಟಿಸಿದ ಜಮಾಲಾಬಾದ್ ಕೋಟೆ ಅದರ ಮೇಲಿದೆ. ನಲವತ್ತು ವರ್ಷ ಅಂಗಡಿ ನಡೆಸಿದ ಬಾಪ ಒಮ್ಮೆಯೂ ಅದನ್ನು ಹತ್ತಿದವರಲ್ಲ. ಅವರಿಗೆ ಪುರುಸೊತ್ತು ಇರಲಿಲ್ಲ, ಅದು ನನಗೆ ಅರ್ಥವಾಗುತ್ತದೆ. ನಮ್ಮ ತಲೆಮಾರಿಗೆ ವಾರಕ್ಕೊಂದು ರಜೆಯಾದರೂ ಇದೆ. ಅದನ್ನು ಮೊಬೈಲಿಗೆ ಮತ್ತು ನಿದ್ದೆಗೆ ಕೊಟ್ಟು ಪುರುಸೊತ್ತಿಲ್ಲ ಎಂದರೆ ಯಾರು ನಂಬುತ್ತಾರೆ?

ಕಳೆದ ಜೂನ್ ಕೊನೆಯಲ್ಲಿ ಶನಿವಾರ, ಭಾನುವಾರ ಎರಡೂ ದಿನ ರಜೆ ಸಿಕ್ಕಿತ್ತು. ಶನಿವಾರ ಮೂವರೂ ಬೈಕಿನಲ್ಲಿ ಲೇಪಾಕ್ಷಿಗೆ ಹೋದೆವು. ಹಿಂದೂಪುರದಿಂದ ಸುಮಾರು 15 ಕಿಲೋಮೀಟರ್. ಒಂದೇ ಬಂಡೆಯಲ್ಲಿ ಕೆತ್ತಿದ ದೊಡ್ಡ ನಂದಿಯಿಂದ ವೀರಭದ್ರ ದೇವಸ್ಥಾನದವರೆಗೆ ನಡೆದೆವು. ವಿಜಯನಗರದ ಅಚ್ಯುತರಾಯನ ಕಾಲದಲ್ಲಿ, ಅಂದರೆ 16ನೇ ಶತಮಾನದಲ್ಲಿ ಕಟ್ಟಿದ್ದು. ಅಲ್ಲೊಂದು ಕಂಬದ ಬುಡ ನೆಲಕ್ಕೆ ಪೂರ್ತಿ ತಾಗಿಲ್ಲ. ಜನ ಅದರ ಕೆಳಗೆ ಬಟ್ಟೆ ತೂರಿಸಿ ನೋಡುತ್ತಾರೆ. ಹಾಗಾದರೆ ಭಾರ ಹೊರುವವರು ಯಾರು ಎಂದು ಮಗಳು ಕೇಳಿದಳು. ಪಕ್ಕದ ಕಂಬಗಳು ಹಂಚಿಕೊಂಡಿವೆ ಎಂದೆ. ಡಿಪ್ಲೊಮಾ ಓದಿದ್ದಕ್ಕೆ ಮನೆಯಲ್ಲಿ ಅಂದು ಸ್ವಲ್ಪ ಬೆಲೆ ಬಂತು. ಶಾಸನಗಳಲ್ಲಿ ಕನ್ನಡ ಅಕ್ಷರ ಕಂಡು ಹೆಂಡತಿ "ಇದು ಆಂಧ್ರ ಅಲ್ವಾ?" ಎಂದಳು.

ಆಂಧ್ರವೇ. ಆದರೆ ಈ ಕಡೆ ಗಡಿ ಒಂದು ರೀತಿ ಹೋಗುತ್ತದೆ, ಭಾಷೆ ಇನ್ನೊಂದು ರೀತಿ ಹೋಗುತ್ತದೆ. ಪಕ್ಕದ ಮಡಕಶಿರಾ ಕಡೆ ಹಳ್ಳಿ ಹಳ್ಳಿಗಳಲ್ಲಿ ಮನೆಮಾತು ಕನ್ನಡ. ಹಿಂದೂಪುರದ ಸಂತೆಯಲ್ಲಿ ತೆಲುಗು, ಕನ್ನಡ, ದಖನಿ ಉರ್ದು ಮೂರೂ ಒಂದೇ ತಕ್ಕಡಿಯಲ್ಲಿ ತೂಗುತ್ತವೆ. ಮನೆಯಲ್ಲಿ ಬ್ಯಾರಿ, ಅಂಗಡಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಎಂದು ಬೆಳೆದ ನಮಗಿಂತ ಚೆನ್ನಾಗಿ ಇದನ್ನು ಯಾರು ಅರ್ಥಮಾಡಿಕೊಳ್ಳಬೇಕು?

ಭಾನುವಾರ ಬೆಳಿಗ್ಗೆ ಒಬ್ಬನೇ ಕಲ್ಯಾಣದುರ್ಗಕ್ಕೆ ಹೊರಟೆ. ಪಾವಗಡದ ಮೇಲೆ ಹೋದರೆ ನೂರು ಕಿಲೋಮೀಟರ್ ಚಿಲ್ಲರೆ. ಆಂಧ್ರದಿಂದ ಹೊರಟು, ಕರ್ನಾಟಕ ಹೊಕ್ಕು, ಮತ್ತೆ ಆಂಧ್ರಕ್ಕೇ ಬರುವ ದಾರಿ ಇದು. ಅಲ್ಲಿಗೆ ಹೋಗಲು ಕಾರಣವಿತ್ತು. ನಮ್ಮ ವಿಭಾಗದ ಒಬ್ಬ ಗುತ್ತಿಗೆ ಕೆಲಸಗಾರ ಹೇಳದೆ ಊರಿಗೆ ಹೋಗಿದ್ದ. "ಈ ಕಡೆಯವರಿಗೆ ಕೆಲಸದ ಮೇಲೆ ಮನಸ್ಸೇ ಇಲ್ಲ" ಎಂದು ನಮ್ಮಲ್ಲಿ ಮಾತಾಗಿತ್ತು. ಆಡಿದವರೆಲ್ಲ ನನ್ನ ಹಾಗೆ ಹೊರಗಿನಿಂದ ಬಂದವರು.

ಅವನ ಹಳ್ಳಿಯಲ್ಲಿ ಎರಡು ದಿನ ಹಿಂದೆ ಮಳೆ ಬಿದ್ದಿತ್ತು. ಊರಿಗೆ ಊರೇ ಹೊಲದಲ್ಲಿತ್ತು. ಕೆಂಪು ಮಣ್ಣಿನ ಹಸಿ ಆರುವ ಮೊದಲು ಕಡಲೆಕಾಯಿ ಬಿತ್ತಬೇಕು. ಆ ನಾಲ್ಕು ದಿನ ತಪ್ಪಿದರೆ ಮುಂದಿನ ಮಳೆಗೆ ಕಾಯಬೇಕು, ಅದು ಬಂದರೆ ಬಂತು. ಅನಂತಪುರ ಸೀಮೆಯಲ್ಲಿ ವರ್ಷವಿಡೀ ಬೀಳುವ ಮಳೆ ಸುಮಾರು 550 ಮಿಲಿಮೀಟರ್. ನಮ್ಮ ಕರಾವಳಿಗೆ ಜುಲೈ ಒಂದೇ ತಿಂಗಳಲ್ಲಿ ಅದಕ್ಕಿಂತ ಹೆಚ್ಚು ಬೀಳುತ್ತದೆ. ಅವನ ಜೊತೆ ಬದುವಿನ ಮೇಲೆ ಎರಡು ಗಂಟೆ ನಡೆದೆ. ಕಂಪನಿ ಕೆಲಸದ ಮೇಲೆ ಮನಸ್ಸಿಲ್ಲದವನಂತೆ ಅವನು ನನಗೆ ಕಾಣಲಿಲ್ಲ, ಎರಡು ಕೆಲಸ ಹೊತ್ತವನಂತೆ ಕಂಡ. ಸೋಮವಾರ ಮೇಲಿನವರ ಹತ್ತಿರ ಕೂತು ಮಾತಾಡಿದೆ. ಈಗ ನಮ್ಮ ವಿಭಾಗದಲ್ಲಿ ಬಿತ್ತನೆಯ ಸಮಯಕ್ಕೆ ಪಾಳಿ ಬದಲಿಸಿಕೊಳ್ಳಲು ಬಿಡುತ್ತಾರೆ. ಕಂಪನಿಯೊಳಗೇ ಕೂತಿದ್ದರೆ ಹಾಜರಿ ಪುಸ್ತಕ ಇದನ್ನು ನನಗೆ ಹೇಳುತ್ತಿರಲಿಲ್ಲ.

ಅದೇ ಕಲ್ಯಾಣದುರ್ಗದಲ್ಲಿ ರೂರಲ್ ಡೆವಲಪ್‌ಮೆಂಟ್ ಟ್ರಸ್ಟಿನ ಆಸ್ಪತ್ರೆ ಇದೆ. 1969ರಲ್ಲಿ ಅನಂತಪುರಕ್ಕೆ ಬಂದ ಸ್ಪೇನಿನ ವಿನ್ಸೆಂಟ್ ಫೆರರ್ ಕಟ್ಟಿದ ಸಂಸ್ಥೆ ಅದು. 2009ರಲ್ಲಿ ತೀರಿಕೊಳ್ಳುವವರೆಗೂ ಅವರು ಈ ಜಿಲ್ಲೆಯಲ್ಲೇ ಉಳಿದರು. ಅಷ್ಟು ನಮ್ಮಿಂದ ಆಗಲಿಕ್ಕಿಲ್ಲ. ಹೊರಗಿನಿಂದ ಬಂದವನಿಗೂ ಈ ಮಣ್ಣಿನ ಮೇಲೆ ಪ್ರೀತಿ ಹುಟ್ಟಬಹುದು ಎಂಬುದಕ್ಕೆ ಮಾತ್ರ ಈ ಹೆಸರು ಹೇಳಿದೆ.

ನಮ್ಮವರು ಹೊರಡುವುದೇ ಇಲ್ಲ ಎಂದಲ್ಲ. ಪೆನುಕೊಂಡದ ಬಾಬಯ್ಯ ದರ್ಗಾಕ್ಕೆ ಝಿಯಾರತ್ ಹೋಗುತ್ತಾರೆ. ದುಆ ಮಾಡಿ, ಬಿರಿಯಾನಿ ಉಂಡು ಅದೇ ಗಾಡಿಯಲ್ಲಿ ವಾಪಸ್. 1565ರ ಯುದ್ಧದ ನಂತರ ವಿಜಯನಗರದ ರಾಜಧಾನಿಯಾಗಿದ್ದ ಊರು ಅದು. ಕೋಟೆ, ಬೆಟ್ಟ, ಹಳೆಯ ಮಸೀದಿ ಎಲ್ಲ ಅಲ್ಲೇ ಇವೆ. ಇನ್ನೆರಡು ಗಂಟೆ ನಿಂತು ನಡೆದರೆ ಏನು ಕಳೆದುಹೋಗುತ್ತದೆ?

ದುಡ್ಡು ಉಳಿಸಬೇಕು, ಊರಲ್ಲಿ ಮನೆ ಕಟ್ಟಬೇಕು, ತಂಗಿಯ ಮದುವೆ ಇದೆ ಎನ್ನುವವರಿದ್ದಾರೆ. ಸುಳ್ಳಲ್ಲ. ಆದರೆ ಲೇಪಾಕ್ಷಿಗೆ ನಮಗೆ ಖರ್ಚಾದದ್ದು ಒಂದು ಲೀಟರ್ ಪೆಟ್ರೋಲು. ಪತ್ತಿರ್ ಮತ್ತು ಸಾರು ಮನೆಯಿಂದಲೇ ಕಟ್ಟಿಕೊಂಡಿದ್ದೆವು. ಗಂಡಸರಾದ ನಾವು ಕಂಪನಿ, ಚಾ ಅಂಗಡಿ ಅಂತ ನಾಲ್ಕು ಮುಖ ನೋಡುತ್ತೇವೆ. ಜೊತೆಗೆ ಕರೆತಂದ ಹೆಣ್ಣುಮಕ್ಕಳಿಗೆ ದುಡಿಯುವ ಊರೆಂದರೆ ಬಾಡಿಗೆ ಮನೆಯ ನಾಲ್ಕು ಗೋಡೆ. ಮದೀನಾದಿಂದ ಮಡಕಶಿರಾದವರೆಗೆ ಇದೇ ಕಥೆ. ಆ ಉಳಿತಾಯದ ಬೆಲೆ ಕೊಡುತ್ತಿರುವವರು ಅವರು.

ಮುಂದಿನ ರಜೆಗೆ ದೂರ ಹೋಗುವುದು ಬೇಡ. ನೀವಿರುವ ಊರಿನ ಯಾವುದಾದರೂ ಒಂದು ಬೀದಿಯನ್ನು, ಒಂದು ಬೆಟ್ಟವನ್ನು ಮನೆಯವರ ಜೊತೆ ನಡೆದು ನೋಡಿ. ಕೆಲಸಕ್ಕೆ ಜೊತೆಗಿರುವವನ ಹಳ್ಳಿ ಯಾವುದು ಎಂದು ಕೇಳಿ, ಅವನು ಕರೆದರೆ ಹೋಗಿ. ಬರುವಾಗ ಅಲ್ಲಿಯ ಒಬ್ಬರ ಹೆಸರಾದರೂ ನಿಮಗೆ ಗೊತ್ತಿರಲಿ.