ಪಟದ ಹಿಂದಿನ ಪಟ

ಜಾತ್ರೆಗೆ ಹೋದವರು ತೇರನ್ನು ನೋಡುತ್ತಾರೆ, ಬತ್ತಾಸು ಕೊಳ್ಳುತ್ತಾರೆ, ಆಮೇಲೆ ಪಟದ ಅಂಗಡಿಯ ಮುಂದೆ ಒಂದು ಗಳಿಗೆ ನಿಲ್ಲುತ್ತಾರೆ. ಅಲ್ಲಿ ಸಾಲಾಗಿ ತೂಗುಹಾಕಿದ ದೇವರ ಪಟಗಳ ನಡುವೆ ಒಂದು ಬಗೆಯ ಪಟ ಮಾತ್ರ ಹುಡುಗರನ್ನು ತನ್ನ ಮುಂದೆ ಅತ್ತಿಂದಿತ್ತ ನಡೆದಾಡಿಸುತ್ತದೆ. ಎಡಗಡೆಯಿಂದ ನೋಡಿದರೆ ರಾಮ. ಬಲಗಡೆಯಿಂದ ನೋಡಿದರೆ ಕೃಷ್ಣ. ಎದುರಿಗೆ ನಿಂತರೆ ಶಿವ. ಮೂವರೂ ಒಂದೇ ಕಟ್ಟಿನೊಳಗೆ ಹೇಗೆ ಸೇರಿದರೆಂದು ಹುಡುಗರು ಬೆರಗಾಗಿ ನೋಡುತ್ತಿರುವಾಗಲೇ, “ಅದೊಂದು ಹುಡುಗಾಟಿಕೆಯ ಸಾಮಾನು, ಬನ್ನಿ” ಎಂದು ಹಿರಿಯರು ಕೈಹಿಡಿದು ಎಳೆದುಕೊಂಡು ಹೋಗುತ್ತಾರೆ. ಹಿರಿಯರ ಈ ತೀರ್ಪನ್ನು ನಾನು ಒಪ್ಪಲಾರೆ. ಹಾಗೆ ಒಪ್ಪದಿರುವುದಕ್ಕೆ ನಮ್ಮ ಮನೆಯ ಗೋಡೆಯ ಮೇಲಿರುವ ಒಂದು ಪಟವೂ ಕಾರಣ. ಅದರ ವಿಷಯವನ್ನು ಮುಂದೆ ಹೇಳುತ್ತೇನೆ.

ಮೊದಲು ಜಾತ್ರೆಯ ಪಟದ ಒಳಗುಟ್ಟನ್ನು ನೋಡೋಣ. ಅದರಲ್ಲಿ ಮಾಯೆಯೇನೂ ಇಲ್ಲ. ಹಿಂಬದಿಯ ಹಲಗೆಗೆ ಒಂದು ಚಿತ್ರವನ್ನು ಅಂಟಿಸಿರುತ್ತಾರೆ. ಅದರ ಮುಂದೆ, ಒಂದಿಷ್ಟು ಅಂತರ ಬಿಟ್ಟು, ತೆಳುವಾದ ಪಟ್ಟಿಗಳನ್ನು ಸಾಲಾಗಿ ನೆಟ್ಟಗೆ ನಿಲ್ಲಿಸಿರುತ್ತಾರೆ. ಪ್ರತಿಯೊಂದು ಪಟ್ಟಿಯ ಎಡಮೈಗೆ ಎರಡನೆಯ ಚಿತ್ರದ ಒಂದು ಸೀಳು, ಬಲಮೈಗೆ ಮೂರನೆಯ ಚಿತ್ರದ ಒಂದು ಸೀಳು. ಎಡಕ್ಕೆ ನಿಂತವನ ಕಣ್ಣಿಗೆ ಎಡಮೈಗಳೆಲ್ಲವೂ ಒಂದಕ್ಕೊಂದು ಸೇರಿಕೊಂಡು ರಾಮನಾಗುತ್ತವೆ. ಹಿಂದಿನ ಚಿತ್ರವು ಮರೆಯಾಗುತ್ತದೆ. ನಡುವೆ ನಿಂತವನಿಗೆ ಪಟ್ಟಿಗಳ ಅಂಚು ಮಾತ್ರ ಸಣ್ಣ ಗೆರೆಗಳಂತೆ ಕಾಣುವುದರಿಂದ ಹಿಂದಿನ ಚಿತ್ರ ತೋರುತ್ತದೆ. ಎರಡು ಚಿತ್ರಗಳ ಪಟವನ್ನು ನೀವೇ ಮಾಡಬಹುದು. ಒಂದೇ ಅಳತೆಯ ಎರಡು ಚಿತ್ರಗಳನ್ನು ಸಮನಾದ ಸೀಳುಗಳಾಗಿ ಕತ್ತರಿಸಿ, ಒಂದರ ಸೀಳು, ಇನ್ನೊಂದರ ಸೀಳು, ಹೀಗೆ ಸರದಿಯಂತೆ ದಪ್ಪ ಕಾಗದದ ಮೇಲೆ ಅಂಟಿಸಿ, ಆ ಕಾಗದವನ್ನು ಬೀಸಣಿಗೆಯಂತೆ ಮಡಿಸಿದರೆ ಸಾಕು. ಹಳೆಯ ಕ್ಯಾಲೆಂಡರು, ಕತ್ತರಿ, ಅಂಟು, ಮತ್ತು ಒಂದು ಭಾನುವಾರದ ಮಧ್ಯಾಹ್ನ ಇದಕ್ಕೆ ಬೇಕಾದ ಬಂಡವಾಳ.

ಈ ಉಪಾಯವು ಜಾತ್ರೆಯ ಅಂಗಡಿಯಲ್ಲಿ ಹುಟ್ಟಿದ್ದಲ್ಲ. 17ನೆಯ ಶತಮಾನದ ಕೊನೆಗೆ ಬುವಾ ಕ್ಲೇರ್ ಎಂಬ ಚಿತ್ರಕಾರನು ಡೆನ್ಮಾರ್ಕಿನ ರಾಜಮನೆತನದವರ ಮುಖಗಳನ್ನು ಮುಮ್ಮೂಲೆಯ ಮರದ ಪಟ್ಟಿಗಳ ಮೇಲೆ ಹೀಗೆಯೇ ಬರೆದನು. ಒಂದು ಕಡೆಯಿಂದ ಗಂಡ, ಇನ್ನೊಂದು ಕಡೆಯಿಂದ ಹೆಂಡತಿ. ಅದಕ್ಕೂ ಮೊದಲೇ, 1659ರಲ್ಲಿ, ಹಾಲೆಂಡಿನ ವಿಜ್ಞಾನಿ ಹೈಗನ್ಸನು ತನ್ನ ಮಾಯಾದೀಪಕ್ಕಾಗಿ ಕೆಲವು ಚಿತ್ರಗಳನ್ನು ಗೀಚಿದ್ದನು. ಅವುಗಳಲ್ಲಿ ಒಂದು ಅಸ್ಥಿಪಂಜರ ತನ್ನ ತಲೆಬುರುಡೆಯನ್ನೇ ಕಳಚಿ ಕೈಯಲ್ಲಿ ಹಿಡಿಯುತ್ತದೆ! ಶನಿಗ್ರಹದ ಬಳೆಯನ್ನು ಅರಿತು ಹೇಳಿದ ಮಹಾಪಂಡಿತನಿಗೂ ಇಂತಹ ತುಂಟತನವಿತ್ತೆಂಬುದು ನನಗೆ ಸಂತೋಷದ ಸಂಗತಿ. ಅಂತಹ ದೀಪಗಳಲ್ಲಿ ಒಂದು ಗಾಜಿನ ಮೇಲೆ ಇನ್ನೊಂದು ಗಾಜನ್ನು ಸರಿಸಿ ಗೋಡೆಯ ಮೇಲಿನ ಬಿಂಬವನ್ನು ಬದಲಾಯಿಸುವ ರೂಢಿ ಆಮೇಲೆ ಬೆಳೆಯಿತು. ನಮ್ಮ ದೇಶದಲ್ಲಿಯೂ 1892ರಲ್ಲಿ ಮುಂಬಯಿಯ ಬಳಿಯ ಕಲ್ಯಾಣದ ಮಹಾದೇವ ಪಟವರ್ಧನರು, ಗಾಜಿನ ಮೇಲೆ ಕೈಯಿಂದ ಬರೆದ ಚಿತ್ರಗಳನ್ನು ದೀಪದ ಮುಂದೆ ಬೇಗಬೇಗನೆ ಬದಲಾಯಿಸಿ, ಜನರಿಗೆ ಚಲಿಸುವ ಬೊಂಬೆಗಳನ್ನು ತೋರಿಸಿದರು. ಅದಕ್ಕೆ ಅವರಿಟ್ಟ ಹೆಸರು ‘ಶಾಂಬರಿಕ ಖರೋಲಿಕಾ’. ಸಿನಿಮಾ ನಮ್ಮ ದೇಶಕ್ಕೆ ಕಾಲಿಟ್ಟದ್ದು ಇದಾದ ನಾಲ್ಕು ವರ್ಷಗಳ ಮೇಲೆ.

ಸರಿಸುವ ಪಟಗಳಲ್ಲಿ ಅತ್ಯಂತ ಸೊಗಸಾದವು ಮಕ್ಕಳ ಪುಸ್ತಕಗಳಲ್ಲಿ ಬಂದವು. ಜರ್ಮನಿಯ ನ್ಯೂರೆಂಬರ್ಗಿನ ಮುದ್ರಕ ಅರ್ನೆಸ್ಟ್ ನಿಸ್ಟರನು 1890ರ ದಶಕದಲ್ಲಿ ಅಂತಹ ಪುಸ್ತಕಗಳನ್ನು ಹೊರತಂದನು. ಪುಟದ ಅಂಚಿನಲ್ಲಿ ಚಾಚಿಕೊಂಡಿರುವ ಕಾಗದದ ನಾಲಗೆಯನ್ನು ಹಿಡಿದೆಳೆದರೆ, ಒಂದು ಚಿತ್ರದ ಪಟ್ಟಿಗಳ ಸಂದಿನಿಂದ ಇನ್ನೊಂದು ಚಿತ್ರದ ಪಟ್ಟಿಗಳು ಸರಿದು ಬಂದು ಅದನ್ನು ಮುಚ್ಚುತ್ತವೆ. ಇದೇ ತತ್ತ್ವವನ್ನು ಇನ್ನೂ ಸೂಕ್ಷ್ಮವಾಗಿ ಬಳಸಿದ ಆಟಿಕೆಯೂ ಉಂಟು. ಎರಡು ಚಿತ್ರಗಳನ್ನು ಒಂದೊಂದು ಮಿಲಿಮೀಟರಿನ ಸೀಳುಗಳಾಗಿ ಹೆಣೆದು ಅಚ್ಚುಹಾಕಿ, ಮೇಲೆ ಅಷ್ಟೇ ಅಗಲದ ಕಪ್ಪು ಗೆರೆಗಳಿರುವ ಪಾರದರ್ಶಕ ಹಾಳೆಯನ್ನು ಇಡುತ್ತಾರೆ. ಹಾಳೆಯನ್ನು ಒಂದೇ ಮಿಲಿಮೀಟರಿನಷ್ಟು ಸರಿಸಿದರೆ ಇಡೀ ಚಿತ್ರ ಬದಲಾಗಿಬಿಡುತ್ತದೆ. ಮೂರು ಚಿತ್ರಗಳಾದರೆ ಕಪ್ಪು ಗೆರೆಯ ಅಗಲ ಎರಡರಷ್ಟು, ಸಂದು ಒಂದರಷ್ಟು.

ಇಲ್ಲಿ ಒಂದು ಲೆಕ್ಕವಿದೆ. ಅದನ್ನು ಅಂಗಡಿಯವನು ಹೇಳುವುದಿಲ್ಲ. ಎರಡು ಚಿತ್ರಗಳು ಒಂದೇ ಕಾಗದದಲ್ಲಿ ಇರಬೇಕಾದರೆ ಒಂದೊಂದೂ ತನ್ನ ಅರ್ಧವನ್ನು ಬಿಟ್ಟುಕೊಡಬೇಕು. ಮೂರಾದರೆ ಪ್ರತಿಯೊಂದಕ್ಕೂ ಉಳಿಯುವುದು ಮೂರರಲ್ಲಿ ಒಂದು ಪಾಲು, ಬೆಳಕೂ ಅಷ್ಟೇ. ಆದುದರಿಂದಲೇ ಇಂತಹ ಪಟಗಳು ಸ್ವಲ್ಪ ಮಂಕಾಗಿ ಕಾಣುತ್ತವೆ. 1908ರಲ್ಲಿ ಫ್ರಾನ್ಸಿನ ಲಿಪ್‌ಮನ್ ಎಂಬ ವಿಜ್ಞಾನಿಯು ಸಣ್ಣ ಸಣ್ಣ ಮಸೂರಗಳ ಹಾಳೆಯಿಂದ ಚಿತ್ರಗಳನ್ನು ತೆಗೆಯುವ ಒಂದು ಆಲೋಚನೆಯನ್ನು ಮುಂದಿಟ್ಟನು. ಆತನಿಗೆ ಬಣ್ಣದ ಛಾಯಾಚಿತ್ರಕ್ಕಾಗಿ ನೊಬೆಲ್ ಬಹುಮಾನ ಬಂದದ್ದೂ ಅದೇ ವರ್ಷ. ಮುಂದೆ ಬಂದ ಗೆರೆಗೆರೆಯ ಪ್ಲಾಸ್ಟಿಕ್ ಹಾಳೆಯ ಚಿತ್ರಗಳಲ್ಲಿ ಒಂದೊಂದು ಏರೂ ಒಂದು ಮಸೂರ. ನಿಮ್ಮ ಕಂಪಾಸು ಪೆಟ್ಟಿಗೆಯ ಅಳತೆಪಟ್ಟಿಯ ಮೇಲೆ ಕಣ್ಣು ಮಿಟುಕಿಸುವ ಬೊಂಬೆಯಿದ್ದರೆ ಅದರ ಮೇಲೆ ಉಗುರಾಡಿಸಿ ನೋಡಿ. ಆ ಏರುಗಳು ತಿಳಿಯುತ್ತವೆ. ಅಲ್ಲಿ ಕಪ್ಪು ಗೆರೆಗಳ ಮಂಕು ಹೋಯಿತು. ಆದರೆ ಪಾಲಿನ ಲೆಕ್ಕ ಮಾತ್ರ ಹೋಗಲಿಲ್ಲ. ಅಲ್ಲಿಯೂ ಪ್ರತಿಯೊಂದು ಚಿತ್ರವು ತನ್ನ ಜೊತೆಗಾರನಿಗಾಗಿ ಜಾಗ ಬಿಟ್ಟೇ ನಿಂತಿದೆ.

ಪಾಲನ್ನೇ ಬಿಡದೆ ಎರಡು ರೂಪಗಳನ್ನು ಒಂದಾಗಿಸಿದವರೂ ಇದ್ದಾರೆ. ಅವರು ನಮ್ಮ ನಾಡಿನವರು. ಬಾದಾಮಿಯ ಮೊದಲನೆಯ ಗುಹೆಯನ್ನು ಚಾಲುಕ್ಯರ ಕಾಲದಲ್ಲಿ, 6ನೆಯ ಶತಮಾನದಲ್ಲಿ, ಕೊರೆದರು. ಆ ಗುಹೆಗೆ ಹೋದವರೆಲ್ಲರೂ ಹದಿನೆಂಟು ಕೈಗಳ ನಟರಾಜನನ್ನು ನೋಡಿ ಬೆರಗಾಗುತ್ತಾರೆ, ಅದು ಸಹಜವೇ. ಆದರೆ ಎದುರಿನ ದ್ವಾರಪಾಲಕನ ಕಾಲ ಕೆಳಗೆ ಒಂದು ಸಣ್ಣ ಶಿಲ್ಪವಿದೆ. ಅದರಲ್ಲಿ ಎರಡು ಒಡಲುಗಳು, ತಲೆ ಒಂದೇ. ಒಂದು ಒಡಲನ್ನು ಅಂಗೈಯಿಂದ ಮರೆಮಾಡಿದರೆ ಆನೆ. ಇನ್ನೊಂದನ್ನು ಮರೆಮಾಡಿದರೆ ಎತ್ತು. ಆನೆಗೆ ಸೊಂಡಿಲಾಗಿದ್ದುದೇ ಎತ್ತಿಗೆ ಬೇರೊಂದು ಅಂಗವಾಗಿ ಹೊಂದಿಕೊಳ್ಳುತ್ತದೆ. ಇಲ್ಲಿ ಸರಿಯುವ ಪಟ್ಟಿಯಿಲ್ಲ, ಮಸೂರವಿಲ್ಲ, ಅಲುಗದ ಬಂಡೆ. ಸರಿಯುವುದು ನೋಡುವವನ ಕೈ. ಇದನ್ನು ಹುಡುಗಾಟಿಕೆಯೆಂದು ಯಾರೂ ಕರೆಯುವುದಿಲ್ಲ. ಶಿಲ್ಪಿಯ ಜಾಣ್ಮೆಯೆಂದು ಹೊಗಳುತ್ತಾರೆ. ಕಲ್ಲಿನಲ್ಲಿದ್ದರೆ ಜಾಣ್ಮೆ, ಕಾಗದದಲ್ಲಿದ್ದರೆ ಹುಡುಗಾಟಿಕೆ ಎಂಬುದು ಯಾವ ನ್ಯಾಯವೋ ನನಗೆ ತಿಳಿಯದು.

ಇನ್ನು ನಮ್ಮ ಮನೆಯ ಪಟದ ವಿಷಯ. ನಮ್ಮ ಅಜ್ಜಿಗೆ ಇಬ್ಬರು ಗಂಡುಮಕ್ಕಳು. ಹಿರಿಯವನು 12ನೆಯ ವಯಸ್ಸಿನಲ್ಲಿ ವಿಷಮಶೀತ ಜ್ವರದಿಂದ ತೀರಿಕೊಂಡನು. ಕಿರಿಯವರು ನನ್ನ ತಂದೆ. ದೊಡ್ಡಪ್ಪನಾಗಬೇಕಾಗಿದ್ದ ಆ ಹುಡುಗನ ಒಂದೇ ಒಂದು ಫೋಟೋ ಮನೆಯಲ್ಲಿತ್ತು. ತಂದೆಯವರು ಓದು ಮುಗಿಸಿದಾಗ ಅವರದೂ ಒಂದು ಫೋಟೋ ತೆಗೆಸಿದರು. ಎರಡನ್ನೂ ಕಟ್ಟುಹಾಕಿಸಿ ನಡುಮನೆಯಲ್ಲಿ ಅಕ್ಕಪಕ್ಕದಲ್ಲಿ ತೂಗುಹಾಕಬೇಕೆಂಬುದು ಅಜ್ಜಿಯ ಆಸೆ. ಮನೆಯ ಹಿರಿಯರು ಒಪ್ಪಲಿಲ್ಲ. ಹೋದವರ ಪಟದ ಪಕ್ಕದಲ್ಲಿ ಇರುವವರ ಪಟವನ್ನು ಹಾಕಬಾರದೆಂಬ ನಂಬಿಕೆ ಆಗ ಬಲವಾಗಿತ್ತು; ಈಗಲೂ ಅನೇಕ ಮನೆಗಳಲ್ಲಿದೆ. ಹಿರಿಯ ಮಗನ ಪಟವನ್ನು ಬೇರೆ ಕೋಣೆಯಲ್ಲಿ ಹಾಕೆಂದರು. ಅಜ್ಜಿ ಯಾರೊಡನೆಯೂ ವಾದ ಮಾಡಲಿಲ್ಲ. ಊರ ಬಡಗಿಯನ್ನು ಕರೆಸಿ, ಒಂದೇ ಕಟ್ಟಿನಲ್ಲಿ ಎರಡು ಪಟ ಕೂರುವಂತೆ ಮಾಡಿಕೊಡಬೇಕೆಂದು ಕೇಳಿದರು.

ಆ ಬಡಗಿ ನ್ಯೂರೆಂಬರ್ಗಿನ ಹೆಸರನ್ನು ಕೇಳಿದವನಲ್ಲ. ಹಲಸಿನ ಮರದ ಕಟ್ಟಿನಲ್ಲಿ ಮೇಲೂ ಕೆಳಗೂ ಸಣ್ಣ ಕಾಲುವೆ ಕೊರೆದು, ಒಂದು ಪಕ್ಕದಲ್ಲಿ ಸೀಳುಬಾಯಿ ಬಿಟ್ಟನು. ತಂದೆಯ ಫೋಟೋ ಅಂಟಿಸಿದ ತೆಳು ಹಲಗೆಯು ಆ ಕಾಲುವೆಯಲ್ಲಿ ಸರಿದು ಹೊರಗೆ ಬರುವಂತಿತ್ತು. ಅದರ ಹಿಂದೆ ಅಲುಗದಂತೆ ದೊಡ್ಡಪ್ಪನ ಫೋಟೋ. ಬಂದವರಿಗೆ ಕಾಣುತ್ತಿದ್ದುದು ಒಂದೇ ಪಟ. ಸಂಜೆ ದೀಪ ಹಚ್ಚಿದ ಮೇಲೆ ಅಜ್ಜಿ ಹಲಗೆಯನ್ನು ಸರಿಸಿ, ಸ್ವಲ್ಪ ಹೊತ್ತು ನಿಂತು, ಮತ್ತೆ ಮುಚ್ಚುತ್ತಿದ್ದರು. ನಾನು ಚಿಕ್ಕವನಿದ್ದಾಗ ಒಮ್ಮೆ, “ಅಜ್ಜಿ, ಎರಡು ಪಟ ಮಾಡಿಸಿದ್ದರೆ ಇಬ್ಬರನ್ನೂ ಒಟ್ಟಿಗೆ ನೋಡಬಹುದಾಗಿತ್ತಲ್ಲ?” ಎಂದು ಕೇಳಿದೆ. “ಒಟ್ಟಿಗೇ ಇದಾರಲ್ಲೋ ಮಗೂ” ಎಂದರು. ಆ ಮಾತು ಅಂದು ನನಗೆ ಅರ್ಥವಾಗಿರಲಿಲ್ಲ.

ಈಚೆಗೆ ನನ್ನ ತಂಗಿಯ ಮಗ ಪರದೇಶದಿಂದ ಬಂದಿದ್ದನು. ವಿದ್ಯುತ್ತಿನಿಂದ ನಡೆಯುವ ಪಟವೊಂದನ್ನು ತಂದಿದ್ದನು. ಅದರ ಗಾಜಿನ ಪರದೆಯ ಮೇಲೆ ಹತ್ತು ಸೆಕೆಂಡಿಗೊಂದರಂತೆ ಚಿತ್ರಗಳು ತಾವಾಗಿಯೇ ಬದಲಾಗುತ್ತವೆ. ಸಾವಿರಾರು ಚಿತ್ರಗಳನ್ನು ಅದರೊಳಗೆ ಇಡಬಹುದು. “ಮಾವ, ಮುತ್ತಜ್ಜಿಯ ಪಟದ ಎರಡು ಫೋಟೋಗಳನ್ನೂ ಇದಕ್ಕೆ ಹಾಕಿಬಿಡೋಣ. ಆ ಹಳೆಯ ಕಟ್ಟನ್ನು ಹುಳು ತಿನ್ನುತ್ತಿದೆ” ಎಂದನು. ಅವನ ಮಾತಿನಲ್ಲಿ ಸತ್ಯವಿತ್ತು. ಫೋಟೋಗಳು ಹಳದಿಯಾಗುತ್ತಿದ್ದವು, ಅವನು ಅವುಗಳ ಪ್ರತಿ ತೆಗೆದಿಟ್ಟುದು ದೊಡ್ಡ ಉಪಕಾರ. ದೂರದೇಶದಲ್ಲಿ ಒಂಟಿಯಾಗಿರುವವನಿಗೆ ಇಡೀ ಮನೆತನವನ್ನು ಒಂದು ಪರದೆಯ ಮೇಲೆ ನೋಡುವ ಸೌಕರ್ಯ ಸಣ್ಣದೆಂದು ನಾನು ಹೇಳುವುದಿಲ್ಲ. ಆದರೆ ಹಳೆಯ ಕಟ್ಟನ್ನು ಗೋಡೆಯಿಂದ ಇಳಿಸಲು ನಾನು ಒಪ್ಪಲಿಲ್ಲ.

ಏಕೆಂದು ಅವನು ಕೇಳಿದನು. ಯಂತ್ರದ ಪಟವು ನಾವು ನೋಡಲಿ ಬಿಡಲಿ ಬದಲಾಗುತ್ತಲೇ ಇರುತ್ತದೆ. ಅಜ್ಜಿಯ ಪಟ ಅಜ್ಜಿಗೆ ಬೇಕಾದಾಗ ಮಾತ್ರ ಬದಲಾಗುತ್ತಿತ್ತು ಎಂದೆ. “ಇದಕ್ಕೂ ನಿಲ್ಲಿಸುವ ಗುಂಡಿ ಇದೆಯಲ್ಲ ಮಾವ” ಎಂದನು. ಅದೂ ನಿಜವೇ, ನನ್ನ ವಾದ ಅಷ್ಟರಮಟ್ಟಿಗೆ ಸೋತಿತು. ಆದರೂ ನನ್ನ ಅಭಿಪ್ರಾಯ ಬದಲಾಗಲಿಲ್ಲ. ಪರದೆಯಿಂದ ಒಂದು ಚಿತ್ರ ಮರೆಯಾದರೆ ಅದು ಎಲ್ಲಿಗೆ ಹೋಯಿತೆಂದು ಕಣ್ಣಿಗೂ ಕೈಗೂ ತಿಳಿಯುವುದಿಲ್ಲ. ಅದರ ಸರದಿ ಬರುವವರೆಗೆ, ಸಾವಿರ ಚಿತ್ರಗಳ ಗುಂಪಿನಲ್ಲಿ ಅದು ಇರುವುದೂ ಒಂದೇ, ಇಲ್ಲದಿರುವುದೂ ಒಂದೇ. ಸರಿಸುವ ಪಟದಲ್ಲಿ ಹಾಗಲ್ಲ. ಕಾಣದಿರುವ ಚಿತ್ರ ಎಲ್ಲಿದೆಯೆಂದು ನಮಗೆ ಗೊತ್ತು: ಕಾಣುವ ಚಿತ್ರದ ಬೆನ್ನಿಗೇ, ಅರ್ಧ ಬೆರಳಿನ ದೂರದಲ್ಲಿ. ಹಲಗೆಯ ಎರಡು ಪಟ ಹಿಡಿದ ಕಟ್ಟು ಒಂದೇ ಪಟದ ಕಟ್ಟಿಗಿಂತ ಭಾರವಾಗಿರುತ್ತದೆ. ವರ್ಷಕ್ಕೊಮ್ಮೆ ಸುಣ್ಣ ಹಚ್ಚಲು ಇಳಿಸುವಾಗ ಆ ಭಾರ ಕೈಗೆ ತಿಳಿಯುತ್ತದೆ. ಜಾತ್ರೆಯ ಪಟದ ಮುಂದೆ ಅತ್ತಿಂದಿತ್ತ ನಡೆಯುವ ಹುಡುಗನೂ ಇದನ್ನೇ ಕಲಿಯುತ್ತಿದ್ದಾನೆಂದು ನನಗೆ ತೋರುತ್ತದೆ. ತನಗೆ ರಾಮ ಕಾಣುತ್ತಿರುವಾಗಲೇ ಆಚೆ ನಿಂತ ಗೆಳೆಯನಿಗೆ ಕೃಷ್ಣ ಕಾಣುತ್ತಿದ್ದಾನೆ; ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಇದನ್ನು ಅವನು ಪುಸ್ತಕ ಓದಿ ತಿಳಿದುದಲ್ಲ, ನಾಲ್ಕು ಹೆಜ್ಜೆ ನಡೆದು ತಿಳಿದುದು. ಅವನ ಕೈಹಿಡಿದು ಎಳೆಯುವ ಹಿರಿಯರು ಇನ್ನೈದು ನಿಮಿಷ ತಾಳಬಾರದೇ?

ತಂಗಿಯ ಮಗ ಹೊರಡುವ ಮುನ್ನ ಕಟ್ಟಿಗೆ ಹುಳುವಿನ ಔಷಧಿ ಹಚ್ಚಿ, ಕಾಲುವೆಗೆ ಮೇಣದಬತ್ತಿ ಉಜ್ಜಿ, ಹಲಗೆ ಸಲೀಸಾಗಿ ಸರಿಯುವಂತೆ ಮಾಡಿಕೊಟ್ಟು ಹೋದನು. ಮಳೆಗಾಲದಲ್ಲಿ ಮಾತ್ರ ಯಾವ ಮೇಣಕ್ಕೂ ಅದು ಬಗ್ಗುವುದಿಲ್ಲ. ಮರ ಉಬ್ಬಿ ಹಲಗೆ ನಡುವೆಯೇ ಸಿಕ್ಕಿಕೊಳ್ಳುತ್ತದೆ. ಆಗ ತಂದೆಯ ಅರ್ಧ ಮುಖವೂ ಅವರ ಅಣ್ಣನ ಅರ್ಧ ಮುಖವೂ ಒಂದೇ ಕಟ್ಟಿನಲ್ಲಿ ಕಾಣುತ್ತವೆ. ಬಲವಂತ ಮಾಡಿದರೆ ಹಲಗೆ ಸೀಳೀತೆಂದು, ಬಿಸಿಲು ಕಾಣುವವರೆಗೆ ನಾನು ಅದನ್ನು ಹಾಗೆಯೇ ಬಿಟ್ಟಿರುತ್ತೇನೆ.